ಕ್ಯಾಷ್ ಎಲ್ಲರದ್ದು, ಪಾತ್ ಅವರವರದ್ದು
ಸೋಮವಾರ, 14 ಜುಲೈ 2025, ಬೆಂಗಳೂರು

ಒಮ್ಮೆ ಕಂಪೈಲ್ ಆದದ್ದನ್ನು ಕೂಡಿಟ್ಟು ಮತ್ತೆ ಕೊಡುವ ಟೂಲ್ ಸಿಸಿಕ್ಯಾಷ್. ಆ ಸಂಗ್ರಹವನ್ನು ತಂಡವೆಲ್ಲ ಹಂಚಿಕೊಳ್ಳುವ ರಿಮೋಟ್ ಕ್ಯಾಷ್‌ಗೆ ಒಂದು ರೆಡಿಸ್ (ಮೆಮೊರಿಯಲ್ಲೇ ಡೇಟಾ ಇಡುವ ಡೇಟಾಬೇಸ್) ಸರ್ವರ್ ಎಬ್ಬಿಸಿ ನಿಲ್ಲಿಸಲು ಅರ್ಧ ಗಂಟೆ ಸಾಕು. ಹಿಟ್ ಬರಿಸುವುದೇ, ಅಂದರೆ ಬೇಕಾದದ್ದು ಮತ್ತೆ ಕಂಪೈಲ್ ಮಾಡದೆ ಕ್ಯಾಷ್‌ನಲ್ಲೇ ಸಿಗುವಂತೆ ಮಾಡುವುದೇ ಕೆಲಸ. ಇವತ್ತಿನ ಟಿಪ್ಪಣಿ ಹೆಚ್ಚುಕಡಿಮೆ ಅದರದ್ದೇ.

ಒಂದೇ ಕಮಿಟ್, ಒಂದೇ ಜಿಸಿಸಿ ಕಂಪೈಲರ್, ಆದರೂ ಎರಡನೇ ಲ್ಯಾಪ್‌ಟಾಪ್‌ನಲ್ಲಿ ಹಿಟ್ ಸೊನ್ನೆ ಅಂದರೆ ಮೊದಲು ನೋಡಬೇಕಾದ್ದು ಪಾತ್, ಅಂದರೆ ಫೈಲ್ ಇರುವ ಜಾಗದ ವಿಳಾಸ. ಸಿಸಿಕ್ಯಾಷ್ ತನ್ನ ಕೀ (ಕ್ಯಾಷ್‌ನಲ್ಲಿ ಹುಡುಕುವ ಗುರುತು) ಕಟ್ಟುವುದು ಸೋರ್ಸ್, ಹೆಡರ್, ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ), ಕಂಪೈಲರ್ ಎಲ್ಲವನ್ನೂ ಹ್ಯಾಷ್ ಮಾಡಿ, ಅಂದರೆ ಒಂದು ಚಿಕ್ಕ ಬೆರಳಚ್ಚಿಗೆ ಇಳಿಸಿ. ಬಿಲ್ಡ್ ಆಜ್ಞೆಗಳನ್ನು ತಯಾರಿಸುವ ಸಿಮೇಕ್ ಆ ಫ್ಲ್ಯಾಗ್‌ಗಳಲ್ಲಿ ಹೆಡರ್‌ಗಳ ಪಾತ್ ಅನ್ನು ರೂಟ್‌ನಿಂದ ಪೂರ್ತಿ ಬರೆಯುತ್ತದೆ. ಒಬ್ಬರ ಕೋಡ್ ‘/ಹೋಮ್/ರವಿ’ ಒಳಗೆ, ಇನ್ನೊಬ್ಬರದು ‘/ಹೋಮ್/ಲತಾ’ ಒಳಗೆ ಇದ್ದರೆ ಫ್ಲ್ಯಾಗೇ ಬೇರೆಯಾಯಿತು, ಕೀ ಹೇಗೆ ಒಂದಾದೀತು?

ಪರಿಹಾರ ಸಿಸಿಕ್ಯಾಷ್‌ನ ‘ಬೇಸ್_ಡಿರ್’ ಸೆಟ್ಟಿಂಗ್. ಅವರವರ ಕೋಡ್ ಇರುವ ಫೋಲ್ಡರ್ ಅನ್ನು ಅದಕ್ಕೆ ಕೊಟ್ಟರೆ ಅದರೊಳಗಿನ ಪಾತ್‌ಗಳು ರಿಲೇಟಿವ್ ಆಗುತ್ತವೆ, ಅಂದರೆ ರೂಟ್‌ನಿಂದಲ್ಲ, ಕೆಲಸ ನಡೆಯುವ ಫೋಲ್ಡರ್‌ನಿಂದ ಲೆಕ್ಕ. ಆದರೆ ಕೋಡ್‌ಗೆ ಹೋಲಿಸಿದರೆ ಬಿಲ್ಡ್ ಫೋಲ್ಡರ್ ಎಲ್ಲರದ್ದೂ ಒಂದೇ ಜಾಗದಲ್ಲಿರಬೇಕು. ಒಬ್ಬರದು ಕೋಡ್‌ನ ಒಳಗೆ, ಇನ್ನೊಬ್ಬರದು ಪಕ್ಕದಲ್ಲಿ ಇದ್ದರೆ ರಿಲೇಟಿವ್ ಪಾತ್ ಕೂಡ ಹೊಂದುವುದಿಲ್ಲ. ಡೀಬಗ್ ಬಿಲ್ಡ್‌ಗೆ ಇಷ್ಟೂ ಸಾಲದು: ಡೀಬಗ್ ಮಾಹಿತಿ ಸೇರಿಸುವ ‘-ಜಿ’ ಫ್ಲ್ಯಾಗ್ ಇದ್ದರೆ ಕೆಲಸ ನಡೆಯುವ ಫೋಲ್ಡರ್‌ನ ಹೆಸರೂ ಹ್ಯಾಷ್‌ಗೆ ಸೇರುತ್ತದೆ. ‘ಡೀಬಗ್-ಪ್ರಿಫಿಕ್ಸ್-ಮ್ಯಾಪ್’ ಫ್ಲ್ಯಾಗ್ ಹಾಕಿ ಆ ಹೆಸರನ್ನು ಒಂದು ಚುಕ್ಕಿಗೆ ಇಳಿಸಿ. ಆಮೇಲೆ ಡೀಬಗರ್ ಆದ ಜಿಡಿಬಿಗೆ ಸೋರ್ಸ್ ಸಿಗದಿದ್ದರೆ ‘ಸಬ್‌ಸ್ಟಿಟ್ಯೂಟ್-ಪಾತ್’ ಸೆಟ್ ಮಾಡಬೇಕು. ಹ್ಯಾಷ್‌ಗೆ ಫೋಲ್ಡರ್ ಸೇರಿಸುವುದನ್ನೇ ಆಫ್ ಮಾಡುವ ದಾರಿಯೂ ಇದೆ, ನಮಗೆ ಅದು ಬೇಡ: ಇನ್ನೊಬ್ಬರ ಪಾತ್ ನಿಮ್ಮ ಬೈನರಿಯೊಳಗೆ ಬಂದು ಕೂರುತ್ತದೆ.

ಕಂಪೈಲರ್ ಒಂದೇ ಹೌದೋ ಅಲ್ಲವೋ ಎಂದು ಸಿಸಿಕ್ಯಾಷ್ ತಿಳಿಯುವುದು ಅದರ ಫೈಲ್‌ನ ಗಾತ್ರ ಮತ್ತು ಮಾರ್ಪಾಡಿನ ಸಮಯದಿಂದ. ಟೂಲ್‌ಚೈನ್ ಅನ್ನು ಯಂತ್ರ ಯಂತ್ರದಲ್ಲೂ ಬಿಲ್ಡ್ ಮಾಡಿ ಹಾಕಿದ್ದರೆ ಸಮಯ ಬದಲಾಗುತ್ತದೆ, ಎಲ್ಲವೂ ಮಿಸ್. ‘ಕಂಪೈಲರ್_ಚೆಕ್’ ಅನ್ನು ‘ಕಂಟೆಂಟ್’ ಮಾಡಿ: ಸಮಯದ ಬದಲು ಫೈಲ್‌ನ ಒಳಗಿರುವುದನ್ನೇ ನೋಡುತ್ತದೆ, ಅದು ಒಂದೇ ಆಗಿದ್ದರೆ ಸಾಕು.

ಇಷ್ಟಾದ ಮೇಲೂ ಮಿಸ್ ಆದರೆ ಊಹೆ ಮಾಡುತ್ತಾ ಕೂರಬೇಡಿ. ಸಿಸಿಕ್ಯಾಷ್ ಡೀಬಗ್ ಆನ್ ಮಾಡಿ, ಎರಡೂ ಯಂತ್ರಗಳಲ್ಲಿ ಅದೇ ಒಂದು ಫೈಲ್ ಕಂಪೈಲ್ ಮಾಡಿ, ಹ್ಯಾಷ್‌ಗೆ ಹೋದದ್ದನ್ನೆಲ್ಲ ಬರೆದಿಡುವ ‘ಇನ್‌ಪುಟ್-ಟೆಕ್ಸ್ಟ್’ ಫೈಲ್‌ಗಳನ್ನು ಡಿಫ್ ಮಾಡಿ. ಬೇರೆಯಾದ ಸಾಲು ಕಣ್ಣೆದುರೇ ನಿಲ್ಲುತ್ತದೆ. ಇವತ್ತು ಎರಡು ಯಂತ್ರಗಳು ಬೇರೆ ಬೇರೆ ಕಮಿಟ್‌ನಲ್ಲಿದ್ದಾಗ ಕಂಡ ಸಾಲು ಗಿಟ್ ಕಮಿಟ್ ಹ್ಯಾಷ್! ವರ್ಷನ್ ತೋರಿಸಲೆಂದು ಅದನ್ನು ಮ್ಯಾಕ್ರೊ ಕೊಡುವ ‘-ಡಿ’ ಫ್ಲ್ಯಾಗ್ ಆಗಿ ಎಲ್ಲಾ ಫೈಲ್‌ಗೂ ಕೊಡಲಾಗಿದೆ. ಪ್ರತಿ ಕಮಿಟ್‌ಗೂ ಎಲ್ಲಾ ಫೈಲ್‌ಗಳ ನೇರ ಹಿಟ್ ತಪ್ಪುತ್ತದೆ, ಕನಿಷ್ಠ ಪ್ರಿಪ್ರೊಸೆಸರ್ ಓಡಿಸಿ ನೋಡಬೇಕಾಗುತ್ತದೆ.

ರೆಡಿಸ್ ಕಡೆ ಮುಖ್ಯವಾದದ್ದು ಎರಡು. ಮೆಮೊರಿ ಮಿತಿಯಾದ ‘ಮ್ಯಾಕ್ಸ್‌ಮೆಮೊರಿ’ ಜೊತೆ ಪಾಲಿಸಿಯನ್ನು ‘ಆಲ್‌ಕೀಸ್-ಎಲ್‌ಆರ್‌ಯು’ ಮಾಡಿ, ತುಂಬಿದಾಗ ಬಹಳ ಹೊತ್ತು ಬಳಸದ್ದು ಹೊರಹೋಗಲಿ. ಡೀಫಾಲ್ಟ್ ‘ನೋಎವಿಕ್ಷನ್’ ಹಾಗೇ ಬಿಟ್ಟರೆ ಮೆಮೊರಿ ತುಂಬಿದ ದಿನದಿಂದ ಹೊಸದೇನೂ ಒಳಗೆ ಹೋಗುವುದಿಲ್ಲ. ಬಿಲ್ಡ್ ಮಾತ್ರ ಮುರಿಯದು, ಹಾಗಾಗಿ ಯಾರಿಗೂ ಗೊತ್ತೇ ಆಗದೆ ಹಿಟ್ ಇಳಿಯುತ್ತಾ ಹೋಗುತ್ತದೆ. ಎರಡನೆಯದು, ಬರೆಯುವ ಹಕ್ಕು ಸಿಐ (ಕೋಡ್ ಅನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ) ಯಂತ್ರಕ್ಕೆ ಮಾತ್ರ. ಒಂದು ಕೆಟ್ಟ ಆಬ್ಜೆಕ್ಟ್ ಫೈಲ್ ಒಳಸೇರಿದರೆ ಎಲ್ಲರ ಬಿಲ್ಡ್‌ಗೂ ಹೋಗುತ್ತದೆ. ಲ್ಯಾಪ್‌ಟಾಪ್‌ನ ಸೆಟ್ಟಿಂಗ್‌ನಲ್ಲಿ ‘ರೀಡ್-ಓನ್ಲಿ’ ಹಾಕಿದರೆ ಮುಗಿಯಲಿಲ್ಲ, ರೆಡಿಸ್‌ನ ಎಸಿಎಲ್‌ನಲ್ಲೂ (ಯಾರಿಗೆ ಯಾವ ಹಕ್ಕು ಎಂಬ ಪಟ್ಟಿ) ತಡೆಯಬೇಕು.

ಸರ್ವರ್ ಎಲ್ಲಿರಬೇಕು? ಸಿಸಿಕ್ಯಾಷ್ ಪ್ರತಿ ಫೈಲ್‌ಗೂ ಹೊಸ ಕನೆಕ್ಷನ್ ತೆರೆಯುತ್ತದೆ. ಕನೆಕ್ಷನ್‌ಗೆ ಒಂದು, ಮ್ಯಾನಿಫೆಸ್ಟ್‌ಗೆ (ಯಾವ ಹೆಡರ್‌ಗಳಿಗೆ ಯಾವ ರಿಸಲ್ಟ್ ಎಂಬ ಪಟ್ಟಿ) ಒಂದು, ರಿಸಲ್ಟ್‌ಗೆ ಒಂದು: ಸರ್ವರ್‌ಗೆ ಹೋಗಿ ಬರುವ ಕನಿಷ್ಠ 3 ಸುತ್ತು. 8,000 ಫೈಲ್, ಸುತ್ತಿಗೆ 25 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ 600 ಸೆಕೆಂಡ್. 8 ಜಾಬ್ ಒಟ್ಟಿಗೆ ಓಡಿದರೂ 75 ಸೆಕೆಂಡ್ ಬರೀ ಕಾಯುವುದಕ್ಕೆ. ಆಫೀಸಿನ ಲ್ಯಾನ್‌ನಲ್ಲಿ ಅರ್ಧ ಮಿಲಿಸೆಕೆಂಡ್ ಆದರೆ 1.5 ಸೆಕೆಂಡ್. ಸರ್ವರ್ ಆಫೀಸಿನಲ್ಲೇ ಇರಲಿ, ಯುಪಿಎಸ್ ಮೇಲೆ. ಮಳೆ ಬಂದು ಔಟರ್ ರಿಂಗ್ ರೋಡ್ ನಿಂತ ದಿನ ಮನೆಯಿಂದ ವಿಪಿಎನ್‌ನಲ್ಲಿ ಬರುವವರಿಗೆ ಮೊದಲ ಬಿಲ್ಡ್ ನಿಧಾನವೇ. ಆಮೇಲಿನದಕ್ಕೆ ಲೋಕಲ್ ಕ್ಯಾಷ್ ಇರುತ್ತದೆ, ಅದರ ಡೀಫಾಲ್ಟ್ 5 ಜಿಬಿಯನ್ನು 20ಕ್ಕೆ ಏರಿಸಿಡುವುದು ಒಳ್ಳೆಯದು.

ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕಿಂಗ್‌ಗೆ ಇದರಿಂದ ಏನೂ ಸಿಗುವುದಿಲ್ಲ, ಅದು ಬೇರೆ ಲೆಕ್ಕ.

ನಾಳೆಗೆ: ಕಮಿಟ್ ಹ್ಯಾಷ್ ಅನ್ನು ಒಂದೇ ಸೋರ್ಸ್ ಫೈಲ್‌ಗೆ ಸೀಮಿತಗೊಳಿಸುವುದು, ಸ್ಟ್ಯಾಟ್ಸ್ ಸೊನ್ನೆ ಮಾಡಿ ಎರಡೂ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಅಳೆಯುವುದು.