ಇಪ್ಪತ್ತು ಹಾರ್ಸ್‌ಪವರ್ ನನಗೆ ಸಾಕು

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕೆಟಿಎಂ 390 ಡ್ಯೂಕ್ ಬೈಕ್ ಓಡಿಸುತ್ತಾನೆ. ನಾನು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಂಡಾಗಿನಿಂದ ಅವನದ್ದು ಒಂದೇ ಪ್ರಶ್ನೆ. "ಮಾವ, ನಿಮ್ಮದು 349 ಸಿಸಿ, ನಂದು 373 ಸಿಸಿ. ನಿಮ್ಮದರಲ್ಲಿ 20 ಹಾರ್ಸ್‌ಪವರ್, ನನ್ನದರಲ್ಲಿ 43. ಇಂಜಿನ್ ಹೆಚ್ಚುಕಮ್ಮಿ ಅಷ್ಟೇ ದೊಡ್ಡದು. ಮಿಕ್ಕಿದ್ದೆಲ್ಲಾ ಎಲ್ಲಿಗೆ ಹೋಯ್ತು?"

ಒಳ್ಳೇ ಪ್ರಶ್ನೆ. ನಾನು ಮೈಸೂರಿನ ಒಂದು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಟ್ರೇಡಿನ ಹುಡುಗರಿಗೆ ಪಾಠ ಮಾಡುತ್ತೇನೆ. ಇದೇ ಪ್ರಶ್ನೆಯನ್ನು ಅವರೂ ಕೇಳುತ್ತಾರೆ. "ಹಳೇ ಕಾಲದ ಲುಕ್ಕು, ಅದಕ್ಕೇ ದುಡ್ಡು ಕೊಡ್ತಾರೆ" ಅಂತ ಸುಮ್ನೆ ಹೇಳಿ ಮುಗಿಸುವವರೇ ಜಾಸ್ತಿ. ನನಗೆ ಆ ಉತ್ತರ ಸಾಲದು. ಪವರ್ ಕಮ್ಮಿ ಇರುವುದಕ್ಕೂ, ಗಾಡಿ ಓಡಿಸುವಾಗ ಸಿಗುವ ಖುಷಿಗೂ ಕಾರಣ ಇಂಜಿನ್ನಿನ ಒಳಗೇ ಇದೆ.

ಕ್ಲಾಸಿಕ್ ಇಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 72 ಮಿ.ಮೀ. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ, 85.8 ಮಿ.ಮೀ. ಡ್ಯೂಕ್‌ನಲ್ಲಿ ಇದು ತಿರುಗಾಮುರುಗಾ. ಬೋರ್ 89, ಸ್ಟ್ರೋಕ್ ಬರೀ 60. ಒಂದು ಸಿಲಿಂಡರ್ ಉದ್ದಕ್ಕಿದೆ, ಇನ್ನೊಂದು ಅಗಲಕ್ಕಿದೆ. ಅಗಲ ಇದ್ದಲ್ಲಿ ದೊಡ್ಡ ವಾಲ್ವ್‌ಗಳಿಗೆ, ಅಂದರೆ ಗಾಳಿ-ಪೆಟ್ರೋಲನ್ನು ಒಳಗೆ ಬಿಟ್ಟು ಹೊಗೆಯನ್ನು ಹೊರಗೆ ಬಿಡುವ ಬಾಗಿಲುಗಳಿಗೆ, ಜಾಗ ಸಿಗುತ್ತದೆ. ಡ್ಯೂಕ್‌ಗೆ ನಾಲ್ಕು ವಾಲ್ವ್, ನನ್ನದಕ್ಕೆ ಎರಡೇ. ಡ್ಯೂಕ್ ಪೂರ್ತಿ ಪವರ್ ಕೊಡುವುದು 9000 ಆರ್‌ಪಿಎಂಗೆ, ಅಂದರೆ ಇಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗುವಾಗ. ನನ್ನದು 6100ಕ್ಕೆ.

ಇಲ್ಲಿ ಹುಡುಗರಿಗೆ ಬೋರ್ಡ್ ಮೇಲೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಸುತ್ತಿಗೆ ಪಿಸ್ಟನ್ ಒಮ್ಮೆ ಕೆಳಗಿಳಿದು ಒಮ್ಮೆ ಮೇಲೆ ಹತ್ತುತ್ತದೆ. ಹಾಗಾಗಿ ಸ್ಟ್ರೋಕನ್ನು ಎರಡರಿಂದ ಗುಣಿಸಿ, ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಿ. ಕ್ಲಾಸಿಕ್‌ನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 17.4 ಮೀಟರ್ ಬರುತ್ತದೆ. ಡ್ಯೂಕ್‌ನಲ್ಲಿ 18 ಮೀಟರ್. ನೋಡಿ, ಎರಡೂ ಪಿಸ್ಟನ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಓಡುತ್ತಿವೆ! ಉದ್ದ ಕಾಲಿನ ಅಪ್ಪ ಮತ್ತು ಪುಟ್ಟ ಮಗ ಜೊತೆಯಾಗಿ ನಡೆದ ಹಾಗೆ. ಅಪ್ಪ ಹಾಕುವ ಹೆಜ್ಜೆ ಕಮ್ಮಿ, ಮಗನ ಹೆಜ್ಜೆ ಜಾಸ್ತಿ. ಹಾರ್ಸ್‌ಪವರ್ ಅನ್ನುವುದು ಟಾರ್ಕನ್ನೂ (ಇಂಜಿನ್ ತಿರುಗಿಸುವ ಬಲ) ಆರ್‌ಪಿಎಂ ಅನ್ನೂ ಗುಣಿಸಿ ಬರುವ ಸಂಖ್ಯೆ. ಸುತ್ತು ಕಮ್ಮಿ ಇದ್ದಲ್ಲಿ ಆ ಸಂಖ್ಯೆಯೂ ಇಳಿಯುತ್ತದೆ. ಅಕ್ಕನ ಮಗ ಹುಡುಕುತ್ತಿರುವ 23 ಹಾರ್ಸ್‌ಪವರ್‌ನಲ್ಲಿ ಬಹುಪಾಲು ಹೋಗಿರುವುದು ಅಲ್ಲಿಗೇ.

ಅದಕ್ಕೆ ಬದಲಾಗಿ ಸಿಗುವುದೇನು? ನನ್ನ ಗಾಡಿ ತನ್ನ ಪೂರ್ತಿ 27 ನ್ಯೂಟನ್ ಮೀಟರ್ ಟಾರ್ಕನ್ನು 4000 ಆರ್‌ಪಿಎಂಗೇ ಕೊಟ್ಟುಬಿಡುತ್ತದೆ. ಡ್ಯೂಕ್‌ನ 37 ಸಿಗಲು 7000ದವರೆಗೆ ಕಾಯಬೇಕು. ಹೋಂಡಾದ ಸಿಬಿ 350 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬೋರ್ 70, ಸ್ಟ್ರೋಕ್ 90.5. ಹೈನೆಸ್ ಹೆಸರಿನಲ್ಲಿ 2020ರಲ್ಲಿ ಬಂದಾಗ ಅದು 30 ನ್ಯೂಟನ್ ಮೀಟರನ್ನು ಬರೀ 3000 ಆರ್‌ಪಿಎಂಗೆ ಕೊಡುತ್ತಿತ್ತು. ಇವೆಲ್ಲ ಕಂಪನಿಗಳಿಗೆ ಜಾಸ್ತಿ ಪವರ್ ತೆಗೆಯಲು ಬಾರದೆ ಆದದ್ದಲ್ಲ. ಬೇಕಂತಲೇ ಹೀಗೆ ಮಾಡಿದ್ದಾರೆ.

ಕ್ಲಾಸಿಕ್‌ನ ಆ ಡುಗ್ ಡುಗ್ ಸದ್ದಿಗೂ ಇದೇ ಲೆಕ್ಕ. ಫೋರ್ ಸ್ಟ್ರೋಕ್ ಸಿಂಗಲ್ ಸಿಲಿಂಡರ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಸಿಡಿಯುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಿರುವಾಗ, ಸುಮಾರು 1000 ಆರ್‌ಪಿಎಂ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ ಎಂಟು ಬಡಿತ. ನಮ್ಮ ಕಿವಿಗೆ ಸೆಕೆಂಡಿಗೆ ಇಪ್ಪತ್ತರ ಒಳಗಿನ ಬಡಿತಗಳು ಬಿಡಿಬಿಡಿಯಾಗಿ ಕೇಳುತ್ತವೆ. ಅದಕ್ಕಿಂತ ಮೇಲೆ ಹೋದರೆ ಎಲ್ಲಾ ಕೂಡಿ ಒಂದು ನಾದ ಆಗಿಬಿಡುತ್ತದೆ. 3000 ಆರ್‌ಪಿಎಂಗೆ ಸೆಕೆಂಡಿಗೆ 25 ಬಡಿತ, ಅಂದರೆ ಸರಿಯಾಗಿ ಆ ಗಡಿಯ ಹತ್ತಿರ. ಊರೊಳಗೆ ನಿಧಾನ ಹೋಗುವಾಗ ಇಂಜಿನ್ನಿನ ಒಂದೊಂದು ಏಟೂ ಪಾದಕ್ಕೆ, ತೊಡೆಗೆ, ಕಿವಿಗೆ ಬರುವುದು ಅದಕ್ಕೇ. ಜನ ಇದನ್ನೇ ಗಾಡಿಯ ಗುಣ ಅನ್ನುತ್ತಾರೆ. 9000ಕ್ಕೆ ಏರುವ ಇಂಜಿನ್ನಿಗೆ ಬೇರೆ ಥರದ ಸೊಗಸಿದೆ, ಒಪ್ಪುತ್ತೇನೆ. ಆದರೆ ಆ ಸೊಗಸು ನೋಡಲು ಅಂಥ ರಸ್ತೆಯೂ ಬೇಕಲ್ವಾ?

ರಸ್ತೆ ಎಲ್ಲಿದೆ ಹೇಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳನ್ನು ಬಿಡುತ್ತಿಲ್ಲ. 43 ಹಾರ್ಸ್‌ಪವರ್ ಇರಲಿ, 7 ಇರಲಿ, ಎಲ್ಲರಿಗೂ ಸರ್ವಿಸ್ ರೋಡೇ ಗತಿ. ಅಲ್ಲಿ ಎದುರಿಗೆ ಟ್ರ್ಯಾಕ್ಟರ್ ಬರುತ್ತದೆ, ಹಸು ಬರುತ್ತದೆ, ಕಬ್ಬಿನ ಗಾಡಿ ಬರುತ್ತದೆ. ಇತ್ತ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರಕ್ಕೆ ಹೋದರೆ ಕಾಡಿನೊಳಗೆ ಸಾಲುಸಾಲು ಹಂಪ್‌ಗಳು. ಜಿಂಕೆ, ಆನೆ ಅಡ್ಡ ಬರುವ ದಾರಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವೇ ಬಂದ್. ಅಲ್ಲಿ ವೇಗವಾಗಿ ಹೋಗಬಾರದು, ಹೋಗಲೂ ಆಗದು. ನಾನು ಗಾಡಿ ಓಡಿಸುವುದು ಇಂಥ ರಸ್ತೆಗಳಲ್ಲೇ. ಸ್ಪೀಡೋಮೀಟರ್ ಮುಳ್ಳು ನಲವತ್ತು ಮತ್ತು ಎಪ್ಪತ್ತರ ನಡುವೆ ಇರುತ್ತದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಮೂರನೇ ಗೇರಿನಲ್ಲೇ ಇಂಜಿನ್ ಒಂದಿಷ್ಟೂ ತಡವರಿಸದೆ ಎಳೆದುಕೊಂಡು ಹೋಗುತ್ತದೆ. ಆ ಎಳೆತ ನನಗೆ ದಿನಾ ಸಿಗುತ್ತದೆ. 9000 ಆರ್‌ಪಿಎಂನ ಪವರ್ ನನಗೆ ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಇನ್ನು ಅಂದದ ವಿಚಾರ. ನನಗೆ ಇದು ಸಣ್ಣ ವಿಚಾರ ಅನ್ನಿಸುವುದೇ ಇಲ್ಲ. ಹಳೇ ಮಾದರಿಯ ಗಾಡಿಯಲ್ಲಿ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ. ಇದು ಟ್ಯಾಂಕ್, ಇಲ್ಲಿ ಪೆಟ್ರೋಲ್ ಇದೆ. ಇದು ಇಂಜಿನ್, ಈ ರೆಕ್ಕೆಗಳಂಥ ಫಿನ್‌ಗಳ ಮೇಲೆ ಗಾಳಿ ಆಡಿ ತಣ್ಣಗಾಗುತ್ತದೆ. ಇದು ಮಡ್‌ಗಾರ್ಡ್, ಕೆಸರು ಹಾರದಂತೆ ತಡೆಯುತ್ತದೆ. ಐಟಿಐಗೆ ಹೊಸದಾಗಿ ಸೇರಿದ ಹುಡುಗನಿಗೂ ಗಾಡಿ ನೋಡಿದ ಕೂಡಲೇ ಅರ್ಥ ಆಗುತ್ತದೆ. ಪ್ಲಾಸ್ಟಿಕ್ ಹೊದಿಸಿದ ಗಾಡಿಗಳಲ್ಲಿ ಆ ಮಾತುಕತೆ ಇಲ್ಲ. ರಾಯಲ್ ಎನ್‌ಫೀಲ್ಡ್‌ನ ಚೆನ್ನೈ ಕಾರ್ಖಾನೆಯಲ್ಲಿ ಬುಲೆಟ್ ಟ್ಯಾಂಕಿನ ಮೇಲಿನ ಚಿನ್ನದ ಬಣ್ಣದ ಗೆರೆಗಳನ್ನು ಈಗಲೂ ಕುಂಚ ಹಿಡಿದು ಕೈಯಲ್ಲೇ ಎಳೆಯುತ್ತಾರೆ. ಭಾನುವಾರ ಬೆಳಿಗ್ಗೆ ಗಾಡಿ ಒರೆಸುವಾಗ ಇಂಥದ್ದೆಲ್ಲ ಕೈಗೆ ಸಿಗುತ್ತದೆ. ಹತ್ತು ಹದಿನೈದು ವರ್ಷ ಮನೆ ಮುಂದೆ ನಿಲ್ಲುವ ವಸ್ತು ಕಣ್ಣಿಗೆ ತಂಪಾಗಿರಬೇಕು.

ಮೈಸೂರಿನವನಾಗಿ ಯೆಜ್ಡಿ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ನಮ್ಮ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಲ್ಲಿ ಅಲ್ಲಿಂದ ಜಾವಾ ಗಾಡಿಗಳು ಹೊರಬರಲು ಶುರುವಾದವು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪನ ಯೆಜ್ಡಿ ರೋಡ್‌ಕಿಂಗ್ ಈಗಲೂ ನಮ್ಮ ಮನೆಯಲ್ಲಿದೆ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಲಿವರ್ ಮೇಲೆ ಕಾಲಿಟ್ಟು ಒತ್ತಿದರೆ ಕ್ಲಚ್ ತಾನೇ ಬಿಟ್ಟುಕೊಳ್ಳುತ್ತದೆ, ಕೈಯಲ್ಲಿ ಕ್ಲಚ್ ಹಿಡಿಯದೆಯೂ ಗೇರ್ ಬದಲಾಯಿಸಬಹುದು. 250 ಸಿಸಿಗೆ 16 ಹಾರ್ಸ್‌ಪವರ್. ಆ ಕಾಲಕ್ಕೆ ಅದು ದೊಡ್ಡ ಪವರ್.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆಗ ಇವು ಯಾವುವೂ 'ರೆಟ್ರೋ', ಅಂದರೆ ಹಳೇ ಕಾಲದ ಲುಕ್ಕಿನ ಗಾಡಿ, ಆಗಿರಲಿಲ್ಲ. ಅವತ್ತಿನ ಒಳ್ಳೇ ಗಾಡಿಗಳು, ಅಷ್ಟೇ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಲೀಟರಿಗೆ ಅದು ಹೋಗುತ್ತಿದ್ದ ದೂರ ನೋಡಿ ಜನ ಆ ಕಡೆ ವಾಲಿದರು. ಆಮೇಲೆ ಹೊಗೆಯ ನಿಯಮಗಳು ಬಿಗಿಯಾದವು, ಯೆಜ್ಡಿಯಂಥ ಟೂ ಸ್ಟ್ರೋಕ್ (ಪ್ರತಿ ಸುತ್ತಿಗೂ ಸಿಡಿಯುವ) ಇಂಜಿನ್‌ಗಳ ಕಾಲ ಮುಗಿಯಿತು. ಪೆಟ್ರೋಲ್ ಲೆಕ್ಕ ಹಾಕಿ ಬದುಕಬೇಕಾದ ಮನೆಗಳಲ್ಲಿ ಅದು ಸರಿಯಾದ ತೀರ್ಮಾನವೇ. ಆದರೆ ಏನೋ ಒಂದು ಹೋಯಿತು ಅಂತ ಎಲ್ಲರಿಗೂ ಅನ್ನಿಸಿತ್ತು. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಹಳೇ ಗಾಡಿಗಳನ್ನು ಹೊರತೆಗೆದು ಜನ ಸೇರುತ್ತಾರಲ್ಲ, ಅಲ್ಲಿ ಹೋಗಿ ನಿಂತರೆ ಗೊತ್ತಾಗುತ್ತದೆ. ಆ ಗಾಡಿಗಳು ಓಡುತ್ತಿದ್ದಾಗ ಹುಟ್ಟೇ ಇರದ ಹುಡುಗ ಹುಡುಗಿಯರು ಅಲ್ಲಿ ಕಾರ್ಬೊರೇಟರ್ ಬಿಚ್ಚಿ ಕೂತಿರುತ್ತಾರೆ.

2018ರ ನವೆಂಬರ್‌ನಲ್ಲಿ ಜಾವಾ ಹೆಸರು ಮತ್ತೆ ಬಂದಾಗ ನಾನೂ ಶೋರೂಮಿಗೆ ಹೋಗಿದ್ದೆ. ಆ ಮರೂನ್ ಟ್ಯಾಂಕ್, ಕ್ರೋಮ್, ಎರಡು ಸೈಲೆನ್ಸರ್ ನೋಡಿ ಮನಸ್ಸು ತುಂಬಿ ಬಂತು. ಅಂದದಲ್ಲಿ ಇವತ್ತಿಗೂ ನನ್ನ ಗಾಡಿಗಿಂತ ಅದೇ ಒಂದು ಕೈ ಮೇಲು. ಪವರ್ ಕೂಡ ಜಾಸ್ತಿ, 27 ಹಾರ್ಸ್‌ಪವರ್. ಆದರೂ ತಗೊಳ್ಳಲಿಲ್ಲ. ಇಂಜಿನ್ ನೀರಿನಿಂದ ತಣಿಯುವಂಥದ್ದು, ಬೋರ್ 76, ಸ್ಟ್ರೋಕ್ 65. ಅದು ಚುರುಕಾಗಿ ಮೇಲೇರಲು ಇಷ್ಟಪಡುವ ಇಂಜಿನ್. ಒಳ್ಳೇ ಇಂಜಿನ್ನೇ. ಆದರೆ ಕಣ್ಣಿಗೆ ಒಂದು ಕಾಲ ಕಾಣುತ್ತದೆ, ಆಕ್ಸಿಲರೇಟರ್ ತಿರುಗಿಸುವ ಬಲಗೈಗೆ ಇನ್ನೊಂದು ಕಾಲ ಸಿಗುತ್ತದೆ. ನನಗೆ ಎರಡೂ ಒಂದೇ ಮಾತು ಹೇಳಬೇಕು. ಆಕಾರ ನಿಧಾನಕ್ಕೆ ಬಾ ಅಂದರೆ ಇಂಜಿನ್ನೂ ಹಾಗೇ ಅನ್ನಬೇಕು. ಹಳೇ ಉಡುಪಿನ ಒಳಗೆ ಹೊಸ ಇಂಜಿನ್ ಇರುವುದು ತಪ್ಪಲ್ಲ, ಬಹಳ ಜನರಿಗೆ ಬೇಕಾಗಿರುವುದೂ ಅದೇ. ನನ್ನ ಆಯ್ಕೆ ಮಾತ್ರ ಈ ಕಡೆಗೆ.

ಟ್ರಯಂಫ್ ಸ್ಪೀಡ್ 400 ಬೇರೆ ದಾರಿ ಹಿಡಿದಿದೆ. 2023ರಲ್ಲಿ ಬಂತು, ಬಜಾಜ್ ಪುಣೆ ಹತ್ತಿರದ ಚಾಕಣದಲ್ಲಿ ತಯಾರಿಸುತ್ತದೆ. ಗುಂಡು ಹೆಡ್‌ಲೈಟ್, ಚಂದದ ಟ್ಯಾಂಕ್, ಆದರೆ ಬಂದಾಗ ಅದಕ್ಕೆ 40 ಹಾರ್ಸ್‌ಪವರ್. ಅದು ಹಳೇ ಗಾಡಿಯ ನಕಲು ಆಗಲು ಹೋಗಿಲ್ಲ. ಕೂರುವ ಭಂಗಿ, ಅಲಾಯ್ ವೀಲ್, ಬ್ರೇಕ್ ಎಲ್ಲಾ ಇವತ್ತಿನದು. ಹಾಗಾಗಿ ಅದರಲ್ಲಿ ನನಗೆ ಎಲ್ಲೂ ಅಪಸ್ವರ ಕೇಳಲಿಲ್ಲ. ಪವರ್ರೂ ಬೇಕು, ಅಂದವೂ ಬೇಕು ಅನ್ನುವವರಿಗೆ ನಾನು ತೋರಿಸುವುದು ಅದನ್ನೇ. ಒಂದು ವಿಷಯ ಗಮನದಲ್ಲಿರಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ದೊಡ್ಡ ಇಂಜಿನ್ನಿಗೆ ಶೇ. 40. ಮಧ್ಯಮ ವರ್ಗದ ಮನೆಯಲ್ಲಿ ಈ ವ್ಯತ್ಯಾಸ ಗಾಡಿಯನ್ನೇ ಬದಲಾಯಿಸಿಬಿಡಬಹುದು.

ಪವರ್ ಕಮ್ಮಿ ಇರುವುದರಿಂದ ಏನೂ ತೊಂದರೆ ಇಲ್ಲ ಅಂತ ನಾನು ಹೇಳುವುದಿಲ್ಲ. ಹಿಂದೆ ಹೆಂಡತಿ ಕೂತು, ಪಕ್ಕದಲ್ಲಿ ಬ್ಯಾಗ್ ಕಟ್ಟಿ, ಹಾಸನದ ಕಡೆ ಹೈವೇಯಲ್ಲಿ ಎಂಬತ್ತರಲ್ಲಿ ಹೋಗುತ್ತಿರುವ ಲಾರಿಯನ್ನು ಓವರ್‌ಟೇಕ್ ಮಾಡಬೇಕಾದರೆ ಮುಂದೆ ಬಹಳ ದೂರ ಖಾಲಿ ಇರಬೇಕು. ಅಲ್ಲಿ ಡ್ಯೂಕ್‌ನ ಪವರ್ ಶೋಕಿಗೆ ಇರುವುದಲ್ಲ, ಜೀವ ಕಾಯುತ್ತದೆ. 195 ಕೆ.ಜಿ. ತೂಕವನ್ನು ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವುದು ಎಲ್ಲರ ಕೈಲಾಗುವ ಕೆಲಸ ಅಲ್ಲ. ಕುಳ್ಳಗಿರುವವರು, ಸೊಂಟ ನೋವಿರುವವರು ಮೊದಲು ತಳ್ಳಿ ನೋಡಿ, ಆಮೇಲೆ ಓಡಿಸಿ ನೋಡಿ. ದಿನಾ ಹೈವೇಯಲ್ಲಿ ನೂರು ಕಿಲೋಮೀಟರ್ ಹೋಗುವವರಿಗೆ ನಾನು ಈ ಗಾಡಿ ಹೇಳುವುದೇ ಇಲ್ಲ. ಅಂದ ಬೇಕೇ ಬೇಕು ಅಂದರೆ ರಾಯಲ್ ಎನ್‌ಫೀಲ್ಡ್‌ನದೇ ಇಂಟರ್‌ಸೆಪ್ಟರ್ 650 ಇದೆ. ಎರಡು ಸಿಲಿಂಡರ್, 47 ಹಾರ್ಸ್‌ಪವರ್. ಜೇಬು ಒಪ್ಪಬೇಕು.

ಟೆಸ್ಟ್ ರೈಡ್‌ಗೆ ಹೋಗುವವರಿಗೆ ಒಂದು ಮಾತು. ಶೋರೂಮಿನ ಹುಡುಗ ಹಿಂದೆ ಕೂತು "ಸಾರ್, ಎಳೀರಿ, ಪಿಕಪ್ ನೋಡಿ" ಅನ್ನುತ್ತಾನೆ. ಅದನ್ನು ಒಮ್ಮೆ ನೋಡಿ, ಆಗಬಾರದು ಅಂತೇನಿಲ್ಲ. ಆಮೇಲೆ ಗಾಡಿಯನ್ನು ಮೂರನೇ ಗೇರಿನಲ್ಲಿ ಮೂವತ್ತಕ್ಕೆ ಇಳಿಸಿ. ಕ್ಲಚ್ ಮುಟ್ಟಬೇಡಿ. ಆಕ್ಸಿಲರೇಟರನ್ನು ಮೆಲ್ಲಗೆ ತಿರುಗಿಸಿ ಅರವತ್ತಕ್ಕೆ ತನ್ನಿ. ಆ ಮೂವತ್ತರಿಂದ ಅರವತ್ತು ಇದೆಯಲ್ಲ, ನೀವು ಮನೆಗೆ ತಂದ ಮೇಲೆ ಬಹುತೇಕ ದಿನ ಓಡಿಸುವ ಗಾಡಿ ಅದೇ. ಇಂಜಿನ್ ಗಡಗಡ ನಡುಗಿ ಗೇರ್ ಇಳಿಸು ಅಂದಿತಾ, ಸಲೀಸಾಗಿ ಎಳೆಯಿತಾ ನೋಡಿ. ಹಾಗೇ ಗಾಡಿ ನಿಲ್ಲಿಸಿ, ಸ್ವಲ್ಪ ದೂರ ಹೋಗಿ, ಒಮ್ಮೆ ತಿರುಗಿ ನೋಡಿ. ಸ್ಪೋಕ್ ವೀಲ್ ಆರಿಸಿದರೆ ಟ್ಯೂಬ್ ಇರುವ ಟೈರ್ ಬರುತ್ತದೆಯಾ ಅಂತ ಕೇಳಿ. ಟ್ಯೂಬ್ ಇದ್ದರೆ ಪಂಕ್ಚರ್ ಆದಾಗ ಚಕ್ರ ಬಿಚ್ಚದೆ ದಾರಿ ಇಲ್ಲ. ದೂರದೂರ ಹೋಗುವವರು ಅಲಾಯ್ ತಗೊಳ್ಳುವುದೇ ವಾಸಿ. ನಾನು ಸ್ಪೋಕ್ ತಗೊಂಡೆ. ಬಿಸಿಲು ಬಿದ್ದಾಗ ಅದು ಹೊಳೆಯುವ ಚಂದಕ್ಕೆ, ಬೇರೆ ಯಾವ ಕಾರಣಕ್ಕೂ ಅಲ್ಲ. ಸೀಟಿನ ಕೆಳಗೆ ಒಂದು ಟ್ಯೂಬ್ ಇಟ್ಟುಕೊಂಡಿರುತ್ತೇನೆ.