ಚೊಂಬು ತುಂಬುವ ಹೊತ್ತು

ಶನಿವಾರ, 14 ಜೂನ್ 2025
ನೋವೈ, ಮಿಷಿಗನ್

ಹೊಸದುರ್ಗದಿಂದ ಅಮ್ಮ ಬಂದು ಮೂರು ವಾರವಾಯಿತು. ಫ್ರಿಜ್ಜಿನ ತಣ್ಣೀರು ಅವಳಿಗೆ ಆಗದು. ಮಲಗುವ ಮುಂಚೆ ತಾಮ್ರದ ಚೊಂಬಿನಲ್ಲಿ ಹಿಡಿದಿಟ್ಟು, ಬೆಳಿಗ್ಗೆ ಥಂಡಿ ಬಿಟ್ಟ ಮೇಲೆ ಕುಡಿಯುತ್ತಾಳೆ. ಮೊನ್ನೆ ರಾತ್ರಿ ಚೊಂಬು ಹಿಡಿದು ನಿಂತವಳು, "ಈ ನೀರು ಯಾಕೆ ಇಷ್ಟು ಸಣ್ಣಗೆ ಬರುತ್ತಿದೆ? ನಾನು ಬಂದಾಗ ಹೀಗಿರಲಿಲ್ಲ" ಎಂದಳು. ಆಮೇಲೆ ಚೊಂಬನ್ನು ಮೂಗಿನ ಹತ್ತಿರ ತಂದು, "ಬ್ಲೀಚಿಂಗ್ ಪೌಡರ್ ವಾಸನೆ" ಎಂದು ಅಷ್ಟನ್ನೂ ಗಿಡಕ್ಕೆ ಸುರಿದುಬಿಟ್ಟಳು.

ನಮ್ಮಲ್ಲಿ ಕುಡಿಯುವ ನೀರು ಬರುವುದು ಫ್ರಿಜ್ಜಿನಿಂದಲೇ, ಅದರೊಳಗಿನ ಫಿಲ್ಟರಿನಲ್ಲಿ ಸೋಸಿಕೊಂಡು. ಫಿಲ್ಟರ್ ಬದಲಿಸೆಂದು ನೆನಪಿಸುವ ಬಾಗಿಲಿನ ಕೆಂಪು ದೀಪ ಏಪ್ರಿಲ್‌ನಿಂದಲೂ ಉರಿಯುತ್ತಿತ್ತು. ಫಿಲ್ಟರ್ ಹಾಕಿದ್ದು ಹೋದ ಸೆಪ್ಟೆಂಬರಿನಲ್ಲಿ. ಆರು ತಿಂಗಳಿಗೊಮ್ಮೆ ಬದಲಿಸಬೇಕಾದದ್ದಕ್ಕೆ ಒಂಬತ್ತು ತಿಂಗಳಾಗಿದೆ. ದಿನಾ ಕಣ್ಣಿಗೆ ಬೀಳುವ ದೀಪ, ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು. ಆರು ವರ್ಷದ ಮಗಳು ಶಾಲೆಗೆ ಒಯ್ಯುವ ಬಾಟಲಿಗೆ ತುಂಬಿಸುತ್ತಿದ್ದುದು ಇದೇ ನೀರನ್ನು. ಇದು ನನ್ನ ತಪ್ಪು, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಆ ದೀಪ ನೀರನ್ನು ಪರೀಕ್ಷೆ ಮಾಡುವುದಿಲ್ಲ. ಎಷ್ಟು ದಿನವಾಯಿತು, ಎಷ್ಟು ನೀರು ಹರಿಯಿತು ಎಂದು ಲೆಕ್ಕವಿಡುತ್ತದೆ, ಅಷ್ಟೇ. ನಮ್ಮ ಫಿಲ್ಟರಿನ ಮಿತಿ 200 ಗ್ಯಾಲನ್, ಸುಮಾರು 757 ಲೀಟರ್. ಇಬ್ಬರೇ ಇರುವ ಮನೆಗೂ ಐವರಿರುವ ಮನೆಗೂ ಆರು ತಿಂಗಳು ಒಂದೇ ಆಗುವುದಿಲ್ಲ. ಅಮ್ಮ ಬಂದ ಮೇಲೆ ನಮ್ಮಲ್ಲಿ ನೀರಿನ ಬಳಕೆ ಹೆಚ್ಚಿದೆ. ಸಾರಿಗೂ ಅನ್ನಕ್ಕೂ ಅವಳು ಇದೇ ನೀರನ್ನು ಹಿಡಿಯುತ್ತಾಳೆ. ದೀಪ ಉರಿದರೂ ನನಗೆ ಗೊತ್ತಾಗದ್ದು ಚೊಂಬಿಗೆ ಗೊತ್ತಾಗಿದ್ದು ಹಾಗೆ: ಫಿಲ್ಟರ್ ಕಟ್ಟಿಕೊಂಡಂತೆ ಧಾರೆ ಸಣ್ಣಗಾಗುತ್ತದೆ.

ಡೆಟ್ರಾಯಿಟ್ ಸುತ್ತಲಿನ ಊರುಗಳಿಗೆ ನೀರು ಬರುವುದು ಹ್ಯೂರಾನ್ ಸರೋವರದಿಂದ ಮತ್ತು ಡೆಟ್ರಾಯಿಟ್ ನದಿಯಿಂದ. ಶುದ್ಧೀಕರಿಸಿಯೇ ಕಳಿಸುತ್ತಾರೆ, ನಲ್ಲಿಯವರೆಗೆ ಕ್ರಿಮಿ ಹುಟ್ಟದಿರಲೆಂದು ಕ್ಲೋರಿನ್ ಉಳಿಸಿರುತ್ತಾರೆ. ಹಾಗಾದರೆ ಫಿಲ್ಟರ್ ಯಾಕೆ ಎಂದು ಅಮ್ಮ ಕೇಳಿದಾಗ ಫ್ಲಿಂಟ್ ಊರಿನ ಕಥೆ ಹೇಳಿದೆ. ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲೆಂದು ಆ ಊರಿನ ನೀರಿನ ಮೂಲವನ್ನು ಫ್ಲಿಂಟ್ ನದಿಗೆ ಬದಲಿಸಿದರು. ಕೊಳವೆ ಸವೆಯದಂತೆ ತಡೆಯುವ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ಕರಗಿ ಮನೆಮನೆಯ ನಲ್ಲಿಗೆ ಬಂತು. ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿದ್ದು 2015ರ ಅಕ್ಟೋಬರಿನಲ್ಲಿ. ಆಮೇಲೆ ಎಷ್ಟೋ ಕಾಲ ಅಲ್ಲಿನ ಜನ ನಲ್ಲಿಗೆ ಫಿಲ್ಟರ್ ಸಿಕ್ಕಿಸಿಕೊಂಡು, ಬಾಟಲಿ ನೀರು ಹೊತ್ತು ತಂದು ಬದುಕಿದರು. ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಕ್ಕಳಿಗೆ ಇಷ್ಟಾದರೆ ಪರವಾಗಿಲ್ಲ ಎನ್ನುವ ಪ್ರಮಾಣವೂ ಇಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಫ್ಲೋರೈಡಿನಿಂದ ಹಲ್ಲು ಕಂದಿದ, ಮೊಣಕಾಲು ಬಾಗಿದ ಜನರನ್ನು ಚಿತ್ರದುರ್ಗದ ಹಳ್ಳಿಗಳಲ್ಲಿ ಕಂಡವಳು ಅವಳು. ಶುದ್ಧ ನೀರಿನ ಘಟಕದ ಮುಂದೆ 5 ರೂಪಾಯಿ ನಾಣ್ಯ ಹಿಡಿದು, 20 ಲೀಟರ್ ಕ್ಯಾನಿಗಾಗಿ ಸಾಲಿನಲ್ಲಿ ನಿಂತವಳು.

ಹೋದ ಸಲ ಅಗ್ಗಕ್ಕೆ ಸಿಕ್ಕಿತೆಂದು ಹೆಸರು ಕೇಳದ ಕಂಪನಿಯ ಫಿಲ್ಟರ್ ತರಿಸಿದ್ದೆ. ಈ ಸಲ ಡಬ್ಬಿಯನ್ನು ಓದಿ ಕೊಂಡೆ. ಫಿಲ್ಟರುಗಳ ಪರೀಕ್ಷೆಗೆ ಎನ್‌ಎಸ್‌ಎಫ್ ಎಂಬ ಸಂಸ್ಥೆಯ ಮಾನದಂಡಗಳಿವೆ, ಒಂದೊಂದಕ್ಕೂ ಒಂದು ಸಂಖ್ಯೆ. ಎನ್‌ಎಸ್‌ಎಫ್ 42 ಎಂದಷ್ಟೇ ಇದ್ದರೆ ಅದು ಕ್ಲೋರಿನ್, ರುಚಿ, ವಾಸನೆಗಳ ಮಾತು. ಆರೋಗ್ಯಕ್ಕೆ ಸಂಬಂಧಿಸಿದ್ದು 53. ಆ 53ರಲ್ಲಿಯೂ ಸೀಸ ಎಂಬ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಪ್ರತಿಯೊಂದು ವಸ್ತುವಿಗೂ ಬೇರೆ ಪರೀಕ್ಷೆ ಇರುವುದರಿಂದ ಬರೀ ಸಂಖ್ಯೆ ಸಾಲದು. ನೀರಿನ ಗಡಸುತನವನ್ನಾಗಲಿ ಫ್ಲೋರೈಡನ್ನಾಗಲಿ ಈ ಬಗೆಯ ಇದ್ದಿಲಿನ ಫಿಲ್ಟರಿನಿಂದ ನಿರೀಕ್ಷಿಸುವಂತಿಲ್ಲ. ಹೊಸದುರ್ಗದ ಬೋರ್‌ವೆಲ್ ನೀರಿಗೆ ಇದನ್ನು ಹಾಕಿದರೆ ಉಪಯೋಗವಿಲ್ಲ. ಅಲ್ಲಿಗೆ ಆರ್‌ಒ ಬೇಕು.

ಡಬ್ಬಿಯ ಮೇಲೆ ತೆಂಗಿನ ಕರಟದ ಇದ್ದಿಲು ಎಂದಿತ್ತು. ಅದನ್ನು ಓದಿ ಹೇಳಿದಾಗ ಅಮ್ಮನ ಮುಖ ಅರಳಿತು. "ನಾವು ಹಂಡೆ ಒಲೆಗೆ ಹಾಕುತ್ತಿದ್ದ ಕರಟವೇ?" ಅದೇ ಕರಟ. ಸುಟ್ಟು, ಹಬೆ ಹಾಯಿಸಿ ಹದ ಮಾಡಿದರೆ ಮೈಯೆಲ್ಲ ಸೂಕ್ಷ್ಮ ರಂಧ್ರಗಳಾಗಿ, ಒಂದೇ ಗ್ರಾಂ ಇದ್ದಿಲಿನ ಒಳಮೈ 500 ಚದರ ಮೀಟರಿಗೂ ಮಿಕ್ಕುತ್ತದೆ. ಕ್ಲೋರಿನ್‌ನ ರುಚಿ, ವಾಸನೆ ತೊಲಗುವುದು ಅಲ್ಲಿ.

ಬದಲಿಸಲು ಐದು ನಿಮಿಷವೂ ಹಿಡಿಯಲಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಅದು ಒಳಗೆ, ಮೇಲಿನ ಬಲಮೂಲೆಯಲ್ಲಿದೆ. ಕೆಳಗೊಂದು ಬಟ್ಟೆ ಹಾಸಿ, ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಕಳಚಿಕೊಳ್ಳುತ್ತದೆ. ಒಳಗೇ ಕವಾಟವಿರುವುದರಿಂದ ನೀರಿನ ಮುಖ್ಯ ನಲ್ಲಿ ನಿಲ್ಲಿಸುವ ಕೆಲಸವಿಲ್ಲ. ನಾಲ್ಕು ಹನಿ ಬಿದ್ದವು. ಹೊಸದರ ಮೂತಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಎರಡು ರಬ್ಬರ್ ಉಂಗುರಗಳು ಕೂತಿವೆಯೇ ಎಂದು ಬೆರಳಾಡಿಸಿ ನೋಡಿ, ಬಲಕ್ಕೆ ತಿರುಗಿಸಿದೆ. ಕಟ್ ಎಂದಿತು. ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದಾಗ ಕೆಂಪು ದೀಪ ಆರಿತು.

ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ 4 ಗ್ಯಾಲನ್, ಅಂದರೆ 15 ಲೀಟರ್ ನೀರನ್ನು ಕುಡಿಯದೆ ಹರಿಸಿಬಿಡಬೇಕು. ಗಾಳಿ ಸಿಕ್ಕಿಕೊಂಡು ನೀರು ಪುಸುಕ್ ಪುಸುಕ್ ಎಂದು ಚಿಮ್ಮಿತು. ಸ್ಟೀಲ್ ಪಾತ್ರೆಯಲ್ಲಿ ಹಿಡಿದ ಮೊದಲ ನೀರು ಬೂದಿ ಕಲಸಿದಂತಿತ್ತು. ತಳದಲ್ಲಿ ಕಾಡಿಗೆಯಷ್ಟು ನಯವಾದ ಕರಿ ಪುಡಿ. ಮೂರನೆಯ ಪಾತ್ರೆಗೆ ತಿಳಿಯಾಯಿತು. ಒಂದು ಪಾತ್ರೆಯನ್ನೂ ಸಿಂಕಿಗೆ ಸುರಿಯಲು ಅಮ್ಮ ಬಿಡಲಿಲ್ಲ. ಡೆಕ್ ಮೇಲಿನ ಕರಿಬೇವಿಗೆ, ಟೊಮೇಟೊ ಪಾತಿಗೆ ಹೊತ್ತೊಯ್ದಳು. ಮಂಜುಗಡ್ಡೆಯ ಡಬ್ಬಿಯಲ್ಲಿದ್ದ ಹಳೆಯದನ್ನೂ ಮಗಳು ಅಲ್ಲಿಗೇ ಸುರಿದಳು.

ಹಳೆಯ ಫಿಲ್ಟರನ್ನು ಗರಗಸದಿಂದ ಕೊಯ್ದು ನೋಡಿದೆವು. ಒಳಗೆ ಕಪ್ಪು ಇದ್ದಿಲಿನ ಕೊರಡು, ಅದರ ಸುತ್ತ ಬಿಳಿಯ ಬಟ್ಟೆಯಂಥ ಹೊದಿಕೆ. ಬಿಳಿ ಉಳಿದದ್ದು ಮಡಿಕೆಯ ಒಳಗೆ ಮಾತ್ರ. ಹೊರಗೆಲ್ಲ ತುಕ್ಕಿನ ಬಣ್ಣ ಹತ್ತಿ, ಮುಟ್ಟಿದರೆ ಜಾರುತ್ತಿತ್ತು. ಅಮ್ಮ ಅದನ್ನು ಬೆರಳಲ್ಲಿ ಉಜ್ಜಿ, "ನಮ್ಮ ಬೀದಿ ನಲ್ಲಿಗೆ ಕಟ್ಟುತ್ತಿದ್ದ ಬಿಳಿ ಪಂಚೆಯೂ ಹೀಗೇ ಆಗುತ್ತಿತ್ತು. ಅದನ್ನು ವಾರಕ್ಕೊಮ್ಮೆ ಬಿಚ್ಚಿ ಒಗೆಯುತ್ತಿದ್ದೆ, ನೆನಪಿದೆಯೇ?" ಎಂದಳು. ನೆನಪಿದೆ. ಒಗೆದ ಬಟ್ಟೆಯನ್ನು ಬಿಸಿಲಿಗೆ ಹರವಿ, ಅದು ಒಣಗುವವರೆಗೆ ಯಾರಿಗೂ ನಲ್ಲಿ ತಿರುಗಿಸಲು ಬಿಡುತ್ತಿರಲಿಲ್ಲ.

ಹೊಸ ಫಿಲ್ಟರಿಗೆ ಕಾಗದದ ಪಟ್ಟಿ ಅಂಟಿಸಿ, ಅಮ್ಮನ ಕೈಯಿಂದಲೇ ಇಂದಿನ ತಾರೀಖು ಬರೆಸಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಡಿಸೆಂಬರ್ 14ಕ್ಕೆ ಮಗಳು ಒಂದು ನೀಲಿ ಹನಿ ಬಿಡಿಸಿದಳು.

ನಿನ್ನೆ ರಾತ್ರಿ ಚೊಂಬು ತುಂಬಲು 50 ಸೆಕೆಂಡು ಹಿಡಿದಿತ್ತು. ಇಂದು 21. ಅಮ್ಮ ಮೂಸಿ ನೋಡಿ, ಏನೂ ಹೇಳದೆ, ತಟ್ಟೆ ಮುಚ್ಚಿಟ್ಟು ಮಲಗಲು ಹೋದಳು.