ಬೆಟ್ಟದ ರೆಸಾರ್ಟು ಮತ್ತು ನಾಲ್ಕನೇ ಕಾಲಮ್ಮು

ನನ್ನ ಕೆಲಸ ನಕ್ಷೆ ಮಾಡುವುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಯಾರಾದರೂ ಬೆಟ್ಟದ ಮೇಲೆ ಸ್ಕೀ ರೆಸಾರ್ಟ್, ಅಂದರೆ ಹಿಮದ ಮೇಲೆ ಜಾರುವ ಆಟದ ತಾಣ, ಕಟ್ಟಬೇಕು ಅಂತ ಹೊರಟರೆ ನನ್ನಂಥವರ ಹತ್ತಿರ ಬರುತ್ತಾರೆ. ಜನರನ್ನು ಬೆಟ್ಟ ಹತ್ತಿಸುವ ತಂತಿಯ ಲಿಫ್ಟ್ ಎಲ್ಲಿಂದ ಎಲ್ಲಿಗೆ, ರಸ್ತೆ ಯಾವ ಕಡೆ, ಹಿಮ ಕುಸಿಯುವ ಜಾಗ ಯಾವುದು, ಕರಡಿ ಓಡಾಡುವ ದಾರಿ ಯಾವುದು, ಎಲ್ಲವನ್ನೂ ಪದರ ಪದರವಾಗಿ ಕೂರಿಸಿ ಕೊಡುತ್ತೇವೆ.

ಊರಿನ ಗೆಳೆಯರಿಗೆ ಇದನ್ನು ಹೇಳಿದರೆ ಒಂದೇ ಪ್ರಶ್ನೆ: ಅಷ್ಟು ದೊಡ್ಡ ದೇಶ, ಅಷ್ಟೊಂದು ಖಾಲಿ ಬೆಟ್ಟ, ಕಟ್ಟೋಕೆ ಏನು ಕಷ್ಟ?

ಖಾಲಿ ಅಲ್ಲ. ಅದೇ ವಿಷಯ. ಈ ಪ್ರಾಂತ್ಯದ ನೆಲದಲ್ಲಿ ಸುಮಾರು ಶೇ. 94 ಭಾಗ ಸರ್ಕಾರಿ ಜಮೀನು ಅಂತ ದಾಖಲೆಯಲ್ಲಿದೆ. ಆದರೆ ಅದರಲ್ಲಿ ಬಹುಪಾಲು ನೆಲವನ್ನು ಮೂಲನಿವಾಸಿಗಳು ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ. ಸರ್ಕಾರ ತನ್ನದು ಅಂದುಕೊಂಡಿತು, ಅಷ್ಟೇ. 1982ರ ಸಂವಿಧಾನದ 35ನೇ ಕಲಮು ಅವರ ಹಕ್ಕುಗಳನ್ನು ಒಪ್ಪಿಕೊಂಡಿತು. 2004ರಲ್ಲಿ ಹೈಡಾ ಜನಾಂಗದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಕ್ಕು ಕೋರ್ಟಿನಲ್ಲಿ ಸಾಬೀತಾಗುವ ತನಕ ಕಾಯೋ ಹಾಗಿಲ್ಲ, ಅದಕ್ಕೆ ಪೆಟ್ಟು ಬೀಳಬಹುದು ಅನ್ನಿಸಿದರೆ ಸರ್ಕಾರ ಮೊದಲೇ ಅವರ ಜೊತೆ ಸಮಾಲೋಚನೆ ಮಾಡಬೇಕು ಅಂತ.

ಜವಾಬ್ದಾರಿ ಸರ್ಕಾರದ್ದು. ಆದರೆ ಪತ್ರ ಬರೆಯೋದು, ಸಭೆ ಕರೆಯೋದು, ಆಕ್ಷೇಪ ಕೇಳಿಸಿಕೊಳ್ಳೋದು, ಇಂಥ ಓಡಾಟವನ್ನೆಲ್ಲ ಸರ್ಕಾರ ಕಂಪನಿಯ ತಲೆಗೆ ಕಟ್ಟಬಹುದು. ಕಟ್ಟುತ್ತದೆ ಕೂಡ. ಹಾಗಾಗಿ ಒಂದು ಬೆಟ್ಟದಿಂದ ಲಾಭ ಮಾಡಿಕೊಳ್ಳಲು ಹೊರಟವನೇ ಆ ಬೆಟ್ಟದವರ ಹತ್ತಿರ ಹೋಗಿ "ನಿಮಗೇನು ತೊಂದರೆ?" ಅಂತ ಕೇಳುವ ಪರಿಸ್ಥಿತಿ. ವಿಚಿತ್ರ ಅಲ್ವಾ?

ಈ ಕೇಳಿಸಿಕೊಂಡಿದ್ದೆಲ್ಲ ಕೊನೆಗೆ ಒಂದು ಟೇಬಲ್ ಆಗುತ್ತದೆ. ನಾನು ನೋಡಿದ ಟೇಬಲ್ಲಿನಲ್ಲಿ ನಾಲ್ಕು ಕಾಲಮ್ಮು. ಯಾರು ಹೇಳಿದರು, ಕಳವಳ ಏನು, ನಮ್ಮ ಉತ್ತರ ಏನು, ಸ್ಥಿತಿ ಏನು. ನಾಲ್ಕನೇ ಕಾಲಮ್ಮಿನಲ್ಲಿ "ಪರಿಹಾರವಾಗಿದೆ" ಅನ್ನೋದು ಜಾಸ್ತಿ ಇದ್ದಷ್ಟೂ ಮ್ಯಾನೇಜರಿಗೆ ಖುಷಿ.

ಒಂದು ಸಾಲು ಮಾತ್ರ ನನಗೆ ಇವತ್ತಿಗೂ ಬಾಯಿಪಾಠ. ಆ ಕಂಪನಿಯ ಹೆಸರು ಬೇಡ, ಆ ಯೋಜನೆ ಈಗ ಇಲ್ಲ. ಸಮುದಾಯ ಭವನದಲ್ಲಿ ಸಭೆ. ಉದ್ದದ ಮೇಜಿನ ಮೇಲೆ ನಾನು ಮಾಡಿದ ನಕ್ಷೆ ಹಾಸಿದ್ದರು. ದಕ್ಷಿಣಕ್ಕೆ ಮುಖ ಮಾಡಿದ ಒಂದು ಇಳಿಜಾರಿನ ಮೇಲೆ ಮೂರು ಸ್ಕೀ ಹಾದಿಗಳು. ನಮ್ಮ ಡಿಸೈನರಿಗೆ ಆ ಇಳಿಜಾರು ತುಂಬಾ ಇಷ್ಟ, ಯಾಕೆಂದರೆ ಅಲ್ಲಿ ಮರ ಕಮ್ಮಿ. ಕಡಿಯೋ ಖರ್ಚು ಉಳೀತು.

ಒಬ್ಬ ಹಿರಿಯಾಕೆ ಕನ್ನಡಕ ಹಣೆಗೇರಿಸಿ ಆ ಜಾಗದ ಮೇಲೆ ಬೆರಳಿಟ್ಟು ಕೇಳಿದರು, "ಇಲ್ಲಿ ಯಾಕೆ ಮರ ಇಲ್ಲ ಅಂತ ಗೊತ್ತಾ?" ಯಾರಿಗೂ ಗೊತ್ತಿರಲಿಲ್ಲ. ಅವರ ಅಜ್ಜಿಯ ಕಾಲದ ತನಕ ಆ ಇಳಿಜಾರಿಗೆ ಕೆಲವು ವರ್ಷಕ್ಕೊಮ್ಮೆ ಹದವಾಗಿ ಬೆಂಕಿ ಹಾಕುತ್ತಿದ್ದರಂತೆ. ಹಕಲ್‌ಬೆರಿ ಗಿಡಕ್ಕೆ ಬಿಸಿಲು ಬೇಕು, ಮರದ ನೆರಳು ಬಿದ್ದರೆ ಹಣ್ಣು ಕಮ್ಮಿ. ಬೆಂಕಿ ಹಾಕೋದು ಅಪರಾಧ ಅಂತ ಸರ್ಕಾರ ತಡೆಯಿತು. ಅಂಚಿನಿಂದ ಮರ ಒಳಗೆ ಬರುತ್ತಿದೆ, ನಡುವೆ ಇನ್ನೂ ಬಯಲು ಉಳಿದಿದೆ. ನಾವು ಪ್ರಕೃತಿ ಕೊಟ್ಟ ಬಯಲು ಅಂದುಕೊಂಡಿದ್ದು ಅವರ ಹಿರಿಯರು ಮಾಡಿಟ್ಟ ತೋಟ.

ಟೇಬಲ್ಲಿಗೆ ಬಂದಿದ್ದು ಹೀಗೆ. ಕಳವಳ: ಹಣ್ಣು ಕೀಳುವ ಜಾಗಕ್ಕೆ ಹೋಗಲು ಅಡ್ಡಿ. ಉತ್ತರ: ಬೇಸಿಗೆಯಲ್ಲಿ ಸಮುದಾಯದವರಿಗೆ ಪ್ರವೇಶಕ್ಕೆ ಅವಕಾಶ. ಸ್ಥಿತಿ: ಪರಿಹಾರವಾಗಿದೆ.

ಸುಳ್ಳು ಏನೂ ಇಲ್ಲ ಇದರಲ್ಲಿ. ಆದರೆ ಆಕೆ ಪ್ರವೇಶ ಕೇಳಿರಲೇ ಇಲ್ಲ. ಇದು ನಮ್ಮ ಕೈಯಲ್ಲಿ ಬೆಳೆದ ಜಾಗ, ಇಲ್ಲಿ ಏನಾಗಬೇಕು ಅಂತ ನಾವೂ ಹೇಳಬೇಕು ಅಂದಿದ್ದರು. ಆ ಮಾತಿಗೆ ಟೇಬಲ್ಲಿನಲ್ಲಿ ಕಾಲಮ್ಮು ಇರಲಿಲ್ಲ.

ಇದೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ಜಂಬೋ ಕಥೆ ಕೇಳಬೇಕು. ಇನ್ವರ್ಮಿಯರ್ ಪಟ್ಟಣದ ಪಶ್ಚಿಮಕ್ಕೆ ಪರ್ಸೆಲ್ ಬೆಟ್ಟಸಾಲಿನಲ್ಲಿ ಜಂಬೋ ಕಣಿವೆ ಇದೆ. ಅಲ್ಲಿ ವರ್ಷವಿಡೀ ನಡೆಯುವ ಸ್ಕೀ ರೆಸಾರ್ಟು, 6,000ಕ್ಕೂ ಜಾಸ್ತಿ ಜನಕ್ಕೆ ಉಳಿದುಕೊಳ್ಳೋ ವ್ಯವಸ್ಥೆ ಅಂತ 1990ರ ದಶಕದ ಮೊದಲಲ್ಲೇ ಅರ್ಜಿ ಬಿತ್ತು. ಕ್ಟುನಾಹಾ ಜನಾಂಗಕ್ಕೆ ಆ ಜಾಗ ಕಾಟ್‌ಮುಕ್, ಗ್ರಿಜ್ಲಿ ಕರಡಿಯ ಆತ್ಮದ ನೆಲೆ. ನಮ್ಮ ಮಲೆನಾಡಿನವರಿಗೆ ದೇವರಕಾಡು ಅಂದರೆ ಥಟ್ಟನೆ ಅರ್ಥವಾದೀತು.

ಇಪ್ಪತ್ತು ವರ್ಷ ಮಾತುಕತೆ ನಡೆಯಿತು. ಸುಮ್ನೆ ನಾಟಕ ಅನ್ನೋ ಹಾಗಿಲ್ಲ. ರೆಸಾರ್ಟಿನ ವಿಸ್ತೀರ್ಣವನ್ನು ಅರ್ಧಕ್ಕಿಂತ ಜಾಸ್ತಿ ಇಳಿಸಿದರು. ಕರಡಿಗೆ ತೊಂದರೆ ಅಂದಿದ್ದಕ್ಕೆ ಕಣಿವೆಯ ಒಂದು ಕಡೆ ಇದ್ದ ಲಿಫ್ಟುಗಳನ್ನೇ ಕೈಬಿಟ್ಟರು. ಅಲ್ಲೇ ಹಕ್ಕು ಇದ್ದ ಶುಸ್ವಾಪ್ ಜನ ಈ ಬದಲಾವಣೆಗಳಿಗೆ ಒಪ್ಪಿದರು. ಇದನ್ನು ಬಹಳ ಜನ ಮರೆಯುತ್ತಾರೆ: ಒಂದೇ ಬೆಟ್ಟದ ಬಗ್ಗೆ ಎರಡು ಜನಾಂಗದ ಅಭಿಪ್ರಾಯ ಬೇರೆ ಬೇರೆ ಇರಬಹುದು. "ಮೂಲನಿವಾಸಿಗಳು ಏನಂತಾರೆ" ಅಂತ ಏಕವಾಗಿ ಕೇಳೋದೇ ಹೊರಗಿನವರ ಅಭ್ಯಾಸ.

ಕ್ಟುನಾಹಾ ಮಾತ್ರ ಒಪ್ಪಲಿಲ್ಲ. ಶಾಶ್ವತ ವಸತಿ ಬಂದರೆ ಕರಡಿಯ ಆತ್ಮ ಬಿಟ್ಟು ಹೋಗುತ್ತದೆ, ಅಲ್ಲಿಗೆ ನಮ್ಮ ಆಚರಣೆಗೆ ಅರ್ಥವಿಲ್ಲ, ಇದರಲ್ಲಿ ಹೊಂದಾಣಿಕೆಯ ಪ್ರಶ್ನೆಯೇ ಇಲ್ಲ ಅಂದರು. 2012ರಲ್ಲಿ ಸಚಿವರು ಯೋಜನೆಗೆ ಒಪ್ಪಿಗೆ ಕೊಟ್ಟರು. ಅದೇ ವರ್ಷ ಅಲ್ಲಿಗೆ ಒಂದು ಪುರಸಭೆಯನ್ನು ಬೇರೆ ಘೋಷಿಸಿದರು. ಮೇಯರ್ ಇದ್ದರು, ಸದಸ್ಯರಿದ್ದರು, ಎಲ್ಲ ಸರ್ಕಾರ ನೇಮಿಸಿದವರು. ನಿವಾಸಿಗಳು ಮಾತ್ರ ಒಬ್ಬರೂ ಇರಲಿಲ್ಲ. ಇದು ಜೋಕ್ ಅಲ್ಲ.

ಕ್ಟುನಾಹಾ ಕೋರ್ಟಿಗೆ ಹೋದರು. 2017ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕ್ಟುನಾಹಾ ಸೋತರು. ನಂಬುವ, ಆಚರಿಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ, ಆದರೆ ನಂಬಿಕೆಯ ಕೇಂದ್ರವಾದ ಆ ಆತ್ಮಕ್ಕೆ ಇಲ್ಲ ಅಂದಿತು ಬಹುಮತ. ಇಬ್ಬರು ನ್ಯಾಯಾಧೀಶರು ಇದನ್ನು ಒಪ್ಪಲಿಲ್ಲ. ಆತ್ಮ ಹೊರಟು ಹೋದ ಮೇಲೆ ಆಚರಿಸೋಕೆ ಏನು ಉಳಿಯುತ್ತೆ ಅನ್ನೋದು ಅವರ ವಾದದ ತಿರುಳು. ನನಗೂ ಅದೇ ಸರಿ ಅನ್ನಿಸುತ್ತೆ. ಆದರೆ ಸಮಾಲೋಚನೆ ಸಾಕಷ್ಟು ನಡೆದಿದೆ ಅನ್ನೋದರಲ್ಲಿ ಎಲ್ಲರದೂ ಒಂದೇ ಮಾತು. 35ನೇ ಕಲಮು ಮಾತುಕತೆಯ ದಾರಿಗೆ ಖಾತರಿ ಕೊಡುತ್ತದೆ, ಇಂಥದ್ದೇ ಫಲ ಸಿಗುತ್ತೆ ಅಂತಲ್ಲ.

ಹಾಗಾದರೆ ರೆಸಾರ್ಟು ಬಂತಾ? ಇಲ್ಲ. ಪರಿಸರ ಪ್ರಮಾಣಪತ್ರದ ಅವಧಿ 2014ರಲ್ಲಿ ಮುಗಿದಿತ್ತು. ಅಷ್ಟರೊಳಗೆ ಒಂದಿಷ್ಟು ಕಾಂಕ್ರೀಟ್ ಸುರಿದಿದ್ದರು, ಅದೂ ಹಿಮಕುಸಿತದ ಅಪಾಯ ಇರುವ ಜಾಗದಲ್ಲಿ. ಇಷ್ಟನ್ನು ಕೆಲಸ ಶುರು ಅನ್ನೋಕಾಗಲ್ಲ ಅಂತ 2015ರಲ್ಲೇ ಸರ್ಕಾರ ಹೇಳಿತ್ತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮತ್ತು ಕೆಲವು ಪ್ರತಿಷ್ಠಾನಗಳು ಸೇರಿ ಸುಮಾರು 2.1 ಕೋಟಿ ಡಾಲರ್ ಹೊಂದಿಸಿದವು. ರೆಸಾರ್ಟಿನ ಹಕ್ಕುಗಳು ರದ್ದಾದವು. ಆ ಕಣಿವೆಯಲ್ಲಿ ಕ್ಟುನಾಹಾ ಮುಂದಾಳತ್ವದಲ್ಲಿ ಸಂರಕ್ಷಿತ ಪ್ರದೇಶ ಮಾಡುವ ಕೆಲಸ ಶುರುವಾಯಿತು.

ಕೋರ್ಟಿನ ಪ್ರಕಾರ ಎಲ್ಲ ಸರಿಯಾಗೇ ಮಾಡಿದ ಯೋಜನೆ ಇದು, ಮೂವತ್ತು ವರ್ಷ ತಿಂದು ಬರಿಗೈಯಲ್ಲಿ ನಿಂತಿತು. ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ, ಲಿಫ್ಟು ಎಲ್ಲಿ ಅಂತ ಕೇಳಿದರೇ ಹೊರತು ರೆಸಾರ್ಟು ಬೇಕಾ ಅಂತ ಕೇಳಲಿಲ್ಲ. "ಬೇಡ" ಅನ್ನೋ ಉತ್ತರಕ್ಕೆ ಜಾಗವೇ ಇಲ್ಲದ ಕಡೆ ಮಿಕ್ಕಿದ್ದೆಲ್ಲ ಬರೀ ಚೌಕಾಸಿ.

ಎಲ್ಲರೂ ಬೇಡ ಅಂತಲೇ ಹೇಳುತ್ತಾರೆ ಅಂತಲ್ಲ. ಇದೇ ಪ್ರಾಂತ್ಯದ ಹೆಸರಾಂತ ಸ್ಕೀ ಊರು ವಿಸ್ಲರಿನಲ್ಲಿ 1966ರಲ್ಲಿ ಲಿಫ್ಟು ಓಡಲು ಶುರುವಾದಾಗ ಸ್ಕ್ವಾಮಿಶ್, ಲಿಲ್‌ವಾಟ್ ಜನರನ್ನು ಕೇಳಬೇಕು ಅನ್ನೋ ಕಾನೂನೇ ಇರಲಿಲ್ಲ. 2010ರ ಚಳಿಗಾಲದ ಒಲಿಂಪಿಕ್ಸಿಗೆ ಅವರಿಬ್ಬರೂ ಸೇರಿ ನಾಲ್ಕು ಜನಾಂಗಗಳು ಅಧಿಕೃತ ಆತಿಥೇಯರಾದರು. ಇಬ್ಬರೂ ಕೂಡಿ ಕಟ್ಟಿದ ಸಾಂಸ್ಕೃತಿಕ ಕೇಂದ್ರ 2008ರಲ್ಲಿ ವಿಸ್ಲರಿನ ನಡುವೆ ಬಾಗಿಲು ತೆರೆಯಿತು. ಹಳೆಯದು ಇದರಿಂದ ತೀರಿತು ಅನ್ನುತ್ತಿಲ್ಲ. ಪಾಲು ಕೇಳೋರು ಬಾಗಿಲ ಹೊರಗೆ ನಿಂತಿಲ್ಲ ಅಷ್ಟೇ.

ಕಾನೂನೂ ಸ್ವಲ್ಪ ಬದಲಾಗಿದೆ. 2019ರಲ್ಲಿ ಈ ಪ್ರಾಂತ್ಯ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಗೆ ಕಾಯ್ದೆಯ ಬಲ ಕೊಟ್ಟಿತು. ಮುಕ್ತವಾದ, ಮೊದಲೇ ಪಡೆದ, ಎಲ್ಲ ತಿಳಿದು ಕೊಟ್ಟ ಒಪ್ಪಿಗೆ ಅನ್ನೋ ಮಾತು ಅದರಲ್ಲಿದೆ. ಅದು ವೀಟೋನೋ ಅಲ್ಲವೋ ಅಂತ ವಕೀಲರು ಜಗಳವಾಡಲಿ. ನನ್ನ ಮೇಜಿನ ಮೇಲೆ ಕಂಡ ಬದಲಾವಣೆ ಬೇರೆ.

ಈಚೆಗಿನ ಒಂದು ಕೆಲಸದಲ್ಲಿ ನೆಲದ ಬಳಕೆಯ ಅಧ್ಯಯನ ಮಾಡುವವರನ್ನು ಆರಿಸಿದ್ದು ಅಲ್ಲಿನ ಮೂಲನಿವಾಸಿ ಜನಾಂಗದವರೇ. ದುಡ್ಡು ಕಂಪನಿಯದು, ಮಾಹಿತಿ ಅವರದು. ಎಲ್ಲಿ ಬೇರು ಅಗೆಯುತ್ತಾರೆ, ಎಲ್ಲಿ ಸಮಾಧಿ ಇದೆ, ಯಾವುದೂ ನಮ್ಮ ಕಂಪ್ಯೂಟರಿಗೆ ಬರಲಿಲ್ಲ. ಬಂದಿದ್ದು ಒಂದೇ ಪದರ: ಅಂಚು ಮಸುಕು ಮಾಡಿದ ದೊಡ್ಡ ಬೂದು ಆಕಾರ. ಇದರೊಳಗೆ ಏನೂ ಬೇಡ, ಅಷ್ಟೇ. ನಮ್ಮ ಇಂಜಿನಿಯರ್ ಸಿಡುಕಿದ. "ಕಾರಣ ಹೇಳದೆ ಹೇಗೆ ಡಿಸೈನ್ ಮಾಡೋದು?" ಬಂಡೆ ಕುಸಿಯುವ ಜಾಗಕ್ಕೆ ಭೂವಿಜ್ಞಾನಿ ಕೆಂಪು ಬಣ್ಣ ಬಳಿದು ಕೊಟ್ಟರೆ ಇದೇ ಮನುಷ್ಯ ಮರುಮಾತಿಲ್ಲದೆ ರಸ್ತೆ ತಿರುಗಿಸುತ್ತಾನೆ.

ಈಗ ಹೊಸ ಗಿರಾಕಿ ಬಂದಾಗ ಮೊದಲು ನೋಡೋದು, ಉದ್ಘಾಟನೆಯ ವರ್ಷ ಆಗಲೇ ಗೊತ್ತಾಗಿದೆಯಾ ಅಂತ. ಬ್ಯಾಂಕಿಗೆ ದಿನಾಂಕ ಕೊಟ್ಟು ಬಂದವರು "ಸಮಾಲೋಚನೆಗೆ ಎಷ್ಟು ತಿಂಗಳು ಹಿಡಿಯುತ್ತೆ?" ಅಂತ ಕೇಳುತ್ತಾರೆ. ಹೋದ ಚಳಿಗಾಲ ಬಂದವರು ಹಾಗೆ ಕೇಳಲಿಲ್ಲ. ಲಿಫ್ಟು, ಹಾದಿ ಏನೂ ಬೇಡ, ಬರೀ ಎತ್ತರದ ಗೆರೆ, ಹೊಳೆ ಇರುವ ನಕ್ಷೆ ಕೊಡಿ, ಮೊದಲು ಅದನ್ನಿಟ್ಟುಕೊಂಡು ಆ ಬೆಟ್ಟದವರ ಜೊತೆ ಕೂತು ಮಾತಾಡಬೇಕು, ಬೇಡ ಅಂದರೆ ವಾಪಸ್ ಬರುತ್ತೇವೆ ಅಂದರು. ಒಂದು ಮಧ್ಯಾಹ್ನದ ಕೆಲಸ. ಬಿಲ್ಲು ನೋಡಿ ನಮ್ಮ ಬಾಸ್ ಮುಖ ಸಣ್ಣದಾಯಿತು.